ಹೊಸ್ತಿಲು ದಾಟದ ಟೈಗರ್

ನಾಯಿಯ ಶೌರ್ಯಕ್ಕೆ ನಮ್ಮ ನಾಡಿನಲ್ಲಿ ಗೌರವ ಕಡಮೆಯೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ. ಶ. 949-50ರ ಆ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ದೊರೆ ಬೂತುಗನು ಮಣಲೇರನೆಂಬ ತನ್ನ ವೀರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳಿಕೋ ಎಂದಾಗ, ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಈ ನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಹಂದಿಯೂ ನಾಯಿಯೂ ಜೊತೆಯಾಗಿಯೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿಯ ದಾನವೂ ನಡೆಯಿತು.

ಇದೆಲ್ಲ ಸರಿಯೇ. ಆದರೆ ಹಂದಿಯನ್ನು ಕಂಡರೆ ಮಂಚದ ಕೆಳಗೆ ನುಸುಳುವ ನಾಯಿಗೆ ಕಲ್ಲು ನಿಲ್ಲಿಸಿದವರಾರು? ಅಂಥದೊಂದು ನಮ್ಮ ಮನೆಯಲ್ಲಿದೆ. ಶಾಸನ ಬರೆಸುವ ಅನುಕೂಲ ನನಗಿಲ್ಲ. ವಾರ್ಷಿಕ ಸಂಚಿಕೆಯ ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ, ಅಷ್ಟೇ ಸಾಕು.

ನಮ್ಮೂರು ಕಂಪಲಾಪುರ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಸುತ್ತಲೂ ಹೊಗೆಸೊಪ್ಪಿನ ಹೊಲಗಳು. ಊರಿನಲ್ಲಿಯೇ ಹೊಗೆಸೊಪ್ಪಿನ ಹರಾಜು ಕಟ್ಟೆ. ನಾಯಿಯ ಹೆಸರು ಟೈಗರ್. ಹೆಸರಿಟ್ಟವನು ನಮ್ಮ ಅಣ್ಣ. ನಾಗರಹೊಳೆಯ ಹುಲಿಗಳಿಗೆ ಈ ಸುದ್ದಿ ಮುಟ್ಟಿದರೆ ಮಾನನಷ್ಟದ ಮೊಕದ್ದಮೆ ಹೂಡಿಯಾವು. ಚಿಕ್ಕಂದಿನಿಂದಲೂ ಅದು ಪುಕ್ಕಲು. ಒಲೆಯ ಮೇಲಿನ ಪಾತ್ರೆ ಬಿದ್ದರೆ ನಡುಗುವುದು, ಕೊಡೆ ಬಿಚ್ಚಿದರೆ ಓಡುವುದು. ಆದರೂ ದಿನವೂ ಸಂಜೆ ನನ್ನ ಜೊತೆಯಲ್ಲಿ ರಸ್ತೆಯ ಅಂಗಡಿಯವರೆಗೂ, ಅಪ್ಪನ ಹಿಂದೆ ಹೊಲಕ್ಕೂ ಬರುತ್ತಿತ್ತು.

ಹೋದ ಸಂಕ್ರಾಂತಿಯ ಮರುದಿನ, ಅಂಗಡಿಯ ಮುಂದೆ ಹೋಗುತ್ತಿದ್ದ ಲಾರಿಯೊಂದರ ಟೈರು ಸಿಡಿಯಿತು. ನಾಲ್ಕು ಮಾರು ದೂರದಲ್ಲಿ ಟೈಗರ್ ನಿಂತಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಅದು ಮನೆ ಸೇರಿತ್ತು. ಆ ದಿನದಿಂದ ಹೊಸ್ತಿಲು ಲಕ್ಷ್ಮಣರೇಖೆಯಾಯಿತು. ಹಗ್ಗ ಕೈಗೆತ್ತಿಕೊಂಡರೆ ಸಾಕು, ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿ, ಕಿವಿಗಳನ್ನು ಹಿಂದಕ್ಕೆ ಮಡಿಸಿ, ಮೂತಿ ನೆಕ್ಕಿಕೊಳ್ಳುತ್ತ ಆಕಳಿಸುವುದು. ಆಕಳಿಕೆ ನಿದ್ದೆಯದೆಂದು ಅವ್ವ ತಿಳಿದಿದ್ದಳು. ಅದು ಭಯದ್ದು.

ಸಲಹೆಗಳಿಗೆ ಬರವಿರಲಿಲ್ಲ. ಎದುರುಮನೆಯ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅಣ್ಣ ಕೊರಳಿಗೆ ಹಗ್ಗ ಬಿಗಿದು ದರದರನೆ ಎಳೆದ. ಟೈಗರ್ ನಾಲ್ಕು ಕಾಲನ್ನೂ ನೆಲಕ್ಕೆ ಊರಿ, ಕೊರಳು ಕಳಚಿಕೊಂಡು ಒಳಕ್ಕೆ ಓಡಿತು. "ಮುದ್ದು ಮಾಡಬೇಡ, ಇನ್ನೂ ಹೆದರುಪುಕ್ಕಲಾಗುತ್ತದೆ" ಎಂದು ಓದಿದವರೂ ಹೇಳಿದರು. ಭಯವು ಬೆಲ್ಲದಾಸೆಗೆ ಕಲಿತ ಆಟವಲ್ಲವಷ್ಟೆ, ಮೈ ತಡವಿದರೆ ಹೆಚ್ಚಾಗಲು!

ಅಪ್ಪನ ಮಾತು ಮಾತ್ರ ಲಘುವಾಗಿರಲಿಲ್ಲ. ಮಳೆಗಾಲದಲ್ಲಿ ಎಲೆ ಬಲಿತು ಬ್ಯಾರನ್ನಿಗೆ ಏರಿಸಿದ ಮೇಲೆ ಒಂದು ಸಲದ ಬೇಯಿಸುವಿಕೆಗೆ ಐದಾರು ದಿನ ಹಗಲಿರುಳು ಬೆಂಕಿ ಕಾಯಬೇಕು. ಆ ರಾತ್ರಿಗಳಲ್ಲಿ ಜೊತೆಗೊಂದು ನಾಯಿ ಬೇಕೇ ಬೇಕು. "ಬ್ಯಾರನ್ ತಾವ್ಕೂ ಬರ್ದೇ ಇರೋ ನಾಯ್ಗೆ ಹಿಟ್ಟು ಹಾಕಿ ಏನ್ಲಾ ಬಂತು? ಕೊಡಗಿನ ತೋಟದೋರು ಕೇಳ್ತಾವ್ರೆ, ಕೊಟ್ಬುಡಾನ" ಎಂದರು. ಮನೆಯಿಂದ ಅಂಗಡಿಗೆ ಬರಲಾರದ ಜೀವ ಗೊತ್ತಿಲ್ಲದ ತೋಟದಲ್ಲಿ ಏನಾದೀತು? ಮಳೆಗಾಲದವರೆಗೆ ಅವಧಿ ಬೇಡಿದೆ. ಅಪ್ಪ 'ಹ್ಞೂ' ಎನ್ನಲಿಲ್ಲ, 'ಉಹ್ಞೂ' ಎನ್ನಲೂ ಇಲ್ಲ.

ಪಶುವೈದ್ಯರು ಮೊದಲು ಪಾದಗಳನ್ನು ತಿರುವಿ ಮುಳ್ಳಿದೆಯೇ ನೋಡಿದರು. ಸೊಂಟ, ಮಂಡಿ, ಕಿವಿ ಎಲ್ಲವನ್ನೂ ಒತ್ತಿ ನೋಡಿದರು. ನೋವಿದ್ದರೂ ನಾಯಿ ನಡೆಯಲೊಲ್ಲದಂತೆ. ನೋವಿಲ್ಲವೆಂದು ಖಚಿತವಾದ ಮೇಲೆ, "ಎಳೆಯಬೇಡಿ. ಹೆದರದಷ್ಟು ದೂರದಲ್ಲಿ ನಿಲ್ಲಿಸಿ ತಿನ್ನಿಸಿ. ಕೊರಳಿಗೆ ಬೇಡ, ಎದೆಗೆ ಪಟ್ಟಿ ಹಾಕಿ" ಎಂದರು. ಮಾತು ಮುಗಿಯಿತು.

ಕಾಲೇಜಿನ ಪುಸ್ತಕ ಭಂಡಾರದಲ್ಲಿ ಮನಶ್ಶಾಸ್ತ್ರದ ಗ್ರಂಥವನ್ನು ತಿರುವಿಹಾಕಿದಾಗ ಆ ಎರಡು ಮಾತಿನ ಬೆಲೆ ತಿಳಿಯಿತು. ರಷ್ಯದ ಪಾವ್ಲೋವ್ ಎಂದರೆ ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿ ಎಂದಷ್ಟೇ ನಾವು ಪರೀಕ್ಷೆಗೆ ಬರೆಯುತ್ತೇವೆ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ಪ್ರವಾಹ ಬಂದು, ಅವನ ನಾಯಿಗಳ ಪಂಜರಗಳು ನೀರಿನಲ್ಲಿ ಮುಳುಗಿ, ನಾಯಿಗಳು ಮೂಗಷ್ಟೇ ಮೇಲಿಟ್ಟುಕೊಂಡು ಉಳಿದವಂತೆ. ಬದುಕಿದ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತುವು. ಒಂದಂತೂ ಚೇತರಿಸಿಕೊಂಡ ಮೇಲೆಯೂ, ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಹರಿದು ಬಂದುದನ್ನು ಕಂಡು ಮತ್ತೆ ಹಿಂದಿನಂತಾಯಿತು. ಟೈಗರಿನ ಲಾರಿ ಅದೇ ನೀರು. ಅದೇ 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಹೆದರುವ ಸುಮಾರು ಮೂರು ವರ್ಷದ ಪೀಟರ್ ಎಂಬ ಮಗುವಿನ ಕಥೆ ಬರೆದಳು. ಮಗು ತನಗಿಷ್ಟವಾದುದನ್ನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹತ್ತಿರ ತಂದಳು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಪಶುವೈದ್ಯರು ಹೇಳಿದ್ದೂ ಇದನ್ನೇ.

ನಾವು ಹೆದ್ದಾರಿಯ ಬಾಗಿಲನ್ನು ಬಿಟ್ಟು ಹಿತ್ತಿಲ ಬಾಗಿಲು ಹಿಡಿದೆವು. ಬೆಳಗಿನ ಐದು ಗಂಟೆ, ಲಾರಿಗಳು ವಿರಳವಾಗಿರುವ ಹೊತ್ತು. ಬೇಯಿಸಿದ ಕೋಳಿಮಾಂಸದ ಚೂರುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಹೊರಗಿನ ಕಲ್ಲುಚಪ್ಪಡಿಯ ಮೇಲೆ ಸುಮ್ಮನೆ ಕೂರುತ್ತಿದ್ದೆ. ಹಗ್ಗ ಉದ್ದ, ಸಡಿಲ. ಬರುವುದು ಬಿಡುವುದು ಅದರ ಮರ್ಜಿ. ಮೊದಲ ದಿನ ಮೂಗು ಬಂತು. ಮೂರನೆಯ ದಿನ ಮುಂಗಾಲು. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿದೊಡನೆ ಒಂದು ಚೂರು. ಸದ್ದು ಮೊದಲು, ತಿನಿಸು ಆಮೇಲೆ. ಈ ಕ್ರಮ ತಪ್ಪಬಾರದು. ಪ್ರಾಣಿಯ ಬಾಯಿ ಬಲು ಪ್ರಾಮಾಣಿಕವಾದುದು: ಕೋಳಿಯ ಚೂರನ್ನೂ ಮೂಸದೆ ಬಿಟ್ಟಿತೆಂದರೆ ನಾವು ಭಯಕ್ಕೆ ತೀರ ಹತ್ತಿರ ಬಂದಿದ್ದೇವೆಂದೇ ಲೆಕ್ಕ. ಆಗ ಮಾತಿಲ್ಲದೆ ಹಿಂದಿರುಗುವುದು. ಮೂರು ವಾರದಲ್ಲಿ ನಾವು ಕ್ರಮಿಸಿದ ದೂರ ಹನ್ನೆರಡು ಮಾರು. ಹಾಲಿಗೆ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿ, "ಏನ್ ಮಗ, ನೀನು ನಾಯೀನ ಕರ್ಕೊಂಡೋಯ್ತಾ ಇದ್ದೀಯೋ, ನಾಯೀನೇ ನಿನ್ನ ಕೂರುಸ್ಕೊಂಡದೋ?" ಎಂದರು. ಎರಡನೆಯದೇ ನಿಜವೆಂದೆ.

ಆ ಮೇಲೆ ಪಕ್ಕದ ಮನೆಯ ಮುದಿ ನಾಯಿ ಕೆಂಚಿ ಸೇರಿಕೊಂಡಳು. ಆಕೆಗೆ ಭಯವೆಂಬುದೇ ಇಲ್ಲ, ಕಿವಿಯೂ ಮಂದ. ಎರಡಕ್ಕೂ ಸಂಬಂಧವಿದ್ದರೂ ಇರಬಹುದು. ಆಕೆ ಮುಂದೆ ನಡೆದರೆ ಟೈಗರ್ ಹಿಂದೆ, ಟೈಗರಿನ ಹಿಂದೆ ನಾನು. ಯುಗಾದಿಗೆ ಬೇಲಿಯ ತಿರುವು ದಾಟಿದೆವು. ಅಷ್ಟರಲ್ಲಿ ಊರಿನ ಮದುವೆಯೊಂದರಲ್ಲಿ ಪಟಾಕಿ ಸಿಡಿದು ಮತ್ತೆ ಹೊಸ್ತಿಲೊಳಗಾಯಿತು. ಅವ್ವ ಕಣ್ಣೊರೆಸಿಕೊಂಡಳು. ಆದರೆ ಹಿಂದೆ ಮೂರು ವಾರ ಹಿಡಿದ ದಾರಿಗೆ ಈ ಸಲ ನಾಲ್ಕೇ ದಿನ ಹಿಡಿಯಿತು.

ಶ್ರಾವಣದಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿದ ಮೊದಲ ರಾತ್ರಿ, ಅಪ್ಪ ಕಂಬಳಿ ಹೆಗಲಿಗೇರಿಸಿ ಹಿತ್ತಿಲ ಬಾಗಿಲು ತೆಗೆದರು. ಟೈಗರ್ ನನ್ನ ಮುಖ ನೋಡಿತು, ಅಪ್ಪನ ಬೆನ್ನು ನೋಡಿತು, ಹೊರಟಿತು. ಬೆಳಿಗ್ಗೆ ಹೋಗಿ ನೋಡಿದರೆ ಅಪ್ಪನ ಕಂಬಳಿಯ ಅರ್ಧ ಅದರ ಮೈಮೇಲಿತ್ತು. ಕೊಡಗಿನ ತೋಟದ ಮಾತು ಅಪ್ಪ ಮತ್ತೆ ಎತ್ತಿಲ್ಲ.

ಹೆದ್ದಾರಿಯ ಕಡೆಗೆ ಅದು ಇಂದಿಗೂ ಬರುವುದಿಲ್ಲ. ನಾನೂ ಕರೆಯುವುದಿಲ್ಲ. ಅಂಗಡಿಗೆ ಒಬ್ಬನೇ ಹೋಗಿ ಬರುತ್ತೇನೆ.