ಚೀಟಿಯಲ್ಲಿ ಇಲ್ಲದ ಕೆಲಸ



ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳನ್ನ ದಡಕ್ಕೆಳೆದು ರಿಪೇರಿ ಮಾಡೋ ಕಾಲ. ಬಣ್ಣ ಹೊಡೆದ ಬೋಟಿನ ಫೋಟೋ ಎಲ್ಲರೂ ಹಾಕ್ತಾರೆ. ಅದಕ್ಕೂ ಮುಂಚಿನ ಕೆಲಸದ್ದು ಯಾರೂ ಹಾಕಲ್ಲ.

ನನ್ನ ಚಿಕ್ಕಪ್ಪನ ಮಗ ಆ ಕೆಲಸ ಮಾಡ್ತಾನೆ. ನೀರಲ್ಲಿ ಮುಳುಗಿರೋ ತಳಕ್ಕೆ ಪಾಚಿ, ಕಲ್ಲಿನಂಥ ಚಿಪ್ಪು ಕಚ್ಚಿಕೊಂಡಿರುತ್ತೆ. ತೇವ ಇರುವಾಗಲೇ ಕೆರೆದರೆ ಸಲೀಸು. ಒಣಗಿದರೆ ಬೆರಳು ಕುಯ್ಯುತ್ತೇ ಹೊರತು ಬಿಡಲ್ಲ. ಆಮೇಲೆ ಸಿಹಿನೀರಲ್ಲಿ ಉಪ್ಪು ತೊಳೀಬೇಕು, ಮಳೆ ಮಧ್ಯೆ ಟಾರ್ಪಾಲು ಕಟ್ಟಿ ಒಣಗಿಸಬೇಕು, ಎದ್ದ ಹಳೇ ಬಣ್ಣ ಉಜ್ಜಬೇಕು. ಉಪ್ಪೋ ಎಣ್ಣೆಯೋ ಉಳಿದರೆ ಎಂಥ ದುಬಾರಿ ಬಣ್ಣವೂ ಹಕ್ಕಳೆ ಹಕ್ಕಳೆಯಾಗಿ ಏಳುತ್ತೆ. ಬೋಟಿನಡಿ ಅಂಗಾತ ಮಲಗಿ ಉಜ್ಜುವಾಗ ಧೂಳೆಲ್ಲ ಮುಖಕ್ಕೇ. ಆ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತ ಇರುತ್ತೆ, ಚಿಪ್ಪು ಹತ್ತದಿರಲಿ ಅಂತ ಬೆರೆಸಿದ ವಿಷ. ಅವನ ಮಾಸ್ಕು ಒಂದು ಹಳೇ ಟವೆಲ್ಲು.

ನಾನು ಗುಮಾಸ್ತ, ಕಣ್ಣು ಮೊದಲು ಲೆಕ್ಕಕ್ಕೇ ಹೋಗುತ್ತೆ. ಗುತ್ತಿಗೆದಾರನ ಚೀಟಿ ನೋಡಿದೆ: ಬಣ್ಣ, ಬ್ರಷ್, ಥಿನ್ನರ್, ಪೇಂಟರ್ ಕೂಲಿ. ಕೆರೆದವರ ಸಾಲೇ ಇಲ್ಲ. "ಅದು ಇತರೆಯಲ್ಲಿ ಸೇರಿದೆ ಸಾರ್" ಅಂದ. ಬಳಿಯೋನು ಕಸುಬುದಾರ, ಕೆರೆಯೋನು ಇತರೆ! ಶುಚಿ ಮಾಡೋ ಕೈಗೆ ಈ ಲೆಕ್ಕ ಹೊಸದೇನಲ್ಲ ಬಿಡಿ.

ನೀರು ಹಾಕಿ ಉಜ್ಜೋ ವಾಟರ್ ಪೇಪರ್, ಸರಿಯಾದ ಮಾಸ್ಕು, ಕನ್ನಡಕ, ಚೀಟಿಯಲ್ಲಿ ಕೆರೆಯೋ ಕೂಲಿಗೆ ಬೇರೆ ಸಾಲು. ಕೇಳ್ತಿರೋದು ಇಷ್ಟೇ. ಅರ್ಜಿ ಟೈಪ್ ಮಾಡಿದೀನಿ, ಹನ್ನೊಂದು ಸಹಿ ಬಿದ್ದಿದೆ. ಇಬ್ಬರು ಕೆಲಸ ಹೋಗುತ್ತೆ ಅಂತ ಹಿಂದೆ ಸರಿದರು, ಅವರ ಮೇಲೆ ಸಿಟ್ಟಿಲ್ಲ. ಹತ್ತಿರ ಇರೋರು ಸೋಮವಾರ ನಮ್ಮ ಜೊತೆ ಬನ್ನಿ.