ಭೀಮಾತೀರದ ಖಾನಾವಳಿ

ಮೈಸೂರು ಸೀಮೆಯ ವಾಚಕರಿಗೆ ಹೋಟೆಲು ಪರಿಚಿತವಾದುದೇ. ಉತ್ತರದ ಖಾನಾವಳಿಯು ಅದಕ್ಕಿಂತ ಬೇರೆ. ಅಲ್ಲಿ ದೋಸೆ-ಕಾಫಿಗಳ ಗದ್ದಲವಿಲ್ಲ, ಊಟವೇ ಮುಖ್ಯ. ಕಲಬುರಗಿಯಿಂದ ಹೊರಟು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಸುತ್ತಿ ಬಂದ ನಾವು ಮೂರು ದಿನವೂ ಹಳ್ಳಿಗಳ ಖಾನಾವಳಿಗಳಲ್ಲಿಯೇ ಉಂಡೆವು.

ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗವನ್ನು ಕಂಡು ಮುಂದೆ ಸಾಗಿ, ತಗಡಿನ ಮಾಡಿನ ಒಂದು ಖಾನಾವಳಿಯನ್ನು ಹೊಕ್ಕಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುತ್ತಿತ್ತು. ತಾಟಿನಲ್ಲಿ ಬದನೆಕಾಯಿಯ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ತೊಗರಿಯ ಬೇಳೆ. ಈ ಸೀಮೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೇಳೆಯ ಸವಿಯನ್ನು ನೋಡಿದರೆ ಅದು ತಡವಾಯಿತೆಂದೇ ನಮ್ಮ ಅಭಿಪ್ರಾಯ.

ಆದರೂ ಊಟದ ಒಡೆತನ ರೊಟ್ಟಿಯದೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲವೆಂಬುದನ್ನು ಗೃಹಿಣಿಯರು ಬಲ್ಲರು. ಕುದಿಯುವ ನೀರನ್ನು ಹೊಯ್ದು, ಬಿಸಿಯಾಗಿರುವಾಗಲೇ ಚೆನ್ನಾಗಿ ನಾದಿದರೆ ಮಾತ್ರ ಅದು ಕೈಗೆ ಒಗ್ಗುವುದು. ಹಿಟ್ಟು ಹಳತಾದರೆ ಅಂಚು ಸೀಳುವುದು. ಒಲೆಯ ಮುಂದಿದ್ದ ಮುದುಕಿಯು ಉಂಡೆಯನ್ನು ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ತಾಟಿನಗಲ ಮಾಡಿ, ಹಂಚಿಗೆ ಹಾಕಿ, ಮೇಲೆ ಒದ್ದೆಯ ಬಟ್ಟೆಯನ್ನೆಳೆದು ಮಗುಚಿದಳು. ಮೂರನೆಯ ರೊಟ್ಟಿಗೆ ನಾವು ಸಂಕೋಚಪಡಲು, “ನಾಚಬ್ಯಾಡ್ರೀ ಯಪ್ಪಾ, ಹೊಟ್ಟಿ ತುಂಬ ಉಣ್ರೀ” ಎಂದಳು. ಒಂದೇ ದರ, ಹೊಟ್ಟೆ ತುಂಬುವವರೆಗೆ ರೊಟ್ಟಿ. ಇದು ಅಲ್ಲಿನ ಹಳೆಯ ಪದ್ಧತಿ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದ ದತ್ತಕ್ಷೇತ್ರದಲ್ಲಿ, ಯಾತ್ರಿಕರು ಮಧ್ಯಾಹ್ನ ಮಧುಕರಿಗೆ ಹೊರಡುವುದನ್ನು ಕಂಡೆವು. ಹಣವಂತರೂ ಜೋಳಿಗೆ ಹಿಡಿದು ಬೇಡುವರು. ಇಂತಹ ನೆಲದಲ್ಲಿ ಉಣ್ಣುವವನ ರೊಟ್ಟಿಯನ್ನೆಣಿಸುವುದು ಕೀಳೆನಿಸಿದ್ದು ಸಹಜವೇ.

ಆದರೆ ಆ ಪದ್ಧತಿಗೆ ಈಗ ಸಂಕಟ ಬಂದಿದೆ. ಹಿಂಗಾರಿನ ಬಿಳಿಜೋಳವು ಎರೆಭೂಮಿಯಲ್ಲಿ ಉಳಿದ ತೇವದಿಂದಲೇ ಬೆಳೆದು, ಮನುಷ್ಯನಿಗೆ ಕಾಳನ್ನೂ ಎತ್ತಿಗೆ ಕಣಿಕೆಯನ್ನೂ ಕೊಡುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಡಿಮೆಯಾಯಿತು. ಕೊಯ್ಯುವ ಆಳುಗಳು ಸಿಕ್ಕುವುದು ದುರ್ಲಭ. ನೀರಿದ್ದಲ್ಲಿ ಕಬ್ಬು, ಇಲ್ಲದಲ್ಲಿ ಪೇಟೆಗೆ ಹೋಗುವ ತೊಗರಿ, ಹತ್ತಿ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿ ಜೋಳವನ್ನೂ ಹೊಗಳಿತು. ಹೊಗಳಿಕೆಯಿಂದ ಹೊಲಗಳೇನೂ ತಿರುಗಿ ಬರಲಿಲ್ಲ. ರೊಟ್ಟಿ ಬಡಿಯಲು ಹೊಸಬರೂ ಒಲ್ಲರು. ನಸುಕಿನಿಂದ ಒಲೆಯ ಝಳಕ್ಕೆ ಮುಖವೊಡ್ಡಿ ಕೂಡುವ ಆ ಹೆಂಗಸರ ಕೂಲಿಯನ್ನು ವಿಚಾರಿಸಿದರೆ ಅವರನ್ನು ದೂರಲಾಗದು.

ಜೇವರ್ಗಿಯ ಕಡೆಯ ಒಂದು ಖಾನಾವಳಿಯಲ್ಲಿ, “ಎರಡು ರೊಟ್ಟಿಯ ಮೇಲೆ ಬೇರೆ ದರ” ಎಂದು ಸುಣ್ಣದ ಗೋಡೆಯ ಮೇಲೆ ಬರೆದಿತ್ತು. ಮಾಲಕನನ್ನು ಕೇಳಿದೆವು. ಜೋಳವನ್ನು ಕೊಂಡು ತರಬೇಕಾಗಿದೆಯೆಂದೂ, ತನ್ನ ಹೊಲದಲ್ಲಿ ತೊಗರಿಯೇ ಇದೆಯೆಂದೂ ಅವನು ತಲೆ ತಗ್ಗಿಸಿ ಹೇಳಿದನು. ಅಷ್ಟರಲ್ಲಿ ಹತ್ತಿ ಬಿಡಿಸಿ ಬಂದ ಇಬ್ಬರು ಕೂಲಿಯವರು ಎರಡೆರಡು ರೊಟ್ಟಿ ಮುಗಿಸಿ ನೀರಿಗೆ ಕೈಹಾಕಲು, ಒಳಗಿನಿಂದ ಬಂದ ಅವನ ಹೆಂಡತಿ ಗೋಡೆಯ ಕಡೆ ನೋಡದೆಯೇ ಇಬ್ಬರ ತಾಟಿಗೂ ಒಂದೊಂದು ರೊಟ್ಟಿಯನ್ನಿಟ್ಟು, ಬೇಳೆ ಬಡಿಸಿ ಹೋದಳು. ಮಾಲಕನು ಅದನ್ನು ಕಂಡನು. ಲೆಕ್ಕದಲ್ಲಿ ಮಾತ್ರ ಬರೆಯಲಿಲ್ಲ.