ಲಿವರ್‌ಪೂಲಿನಲ್ಲಿ ಕಲಿತ ಪಾಠ

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಕಳೆದ ಬೇಸಗೆಯನ್ನು ಕಳೆದೆನು. ಹತ್ತು ವರ್ಷದ ಮೊಮ್ಮಗನು ಆಗ ಅಮೆರಿಕದ ಎಡ್ಡಿ ಕಾಕ್ರನ್ ಹಾಡಿದ ‘ಟ್ವೆಂಟಿ ಫ್ಲೈಟ್ ರಾಕ್’ ಎಂಬ ಹಾಡನ್ನು ಗಿಟಾರಿನಲ್ಲಿ ಅಭ್ಯಾಸ ಮಾಡುತ್ತಿದ್ದನು. ಅವನು ಎಡಚನು. ವಾದ್ಯವನ್ನು ಎಡಗೈಯಿಂದ ಮೀಟುವಂತೆ ತಿರುಗಿಸಿ ಹಿಡಿದರೆ ತಂತಿಗಳು ಮೇಲುಕೆಳಗಾಗಿ ಬೆರಳುಗಳು ತಡವರಿಸುವುವು. “ಮಗು, ಬಲಗೈಯಿಂದ ಮೀಟು” ಎಂದು ನಾನು ದಿನವೂ ತಿದ್ದುತ್ತಿದ್ದೆನು. ಮಗನು ಕೇಳಿಯೂ ಮಾತಾಡುತ್ತಿರಲಿಲ್ಲ.

ಒಂದು ದಿನ ಮೂವರೂ ಫೋರ್ತ್‌ಲಿನ್ ರಸ್ತೆಯ 20ನೆಯ ಮನೆಯನ್ನು ನೋಡಲು ಹೋದೆವು. ಸಾಲುಮನೆಗಳಲ್ಲಿ ಅದೂ ಒಂದು. ಇಟ್ಟಿಗೆಯ ಸಣ್ಣ ಮನೆ. ಪಾಲ್ ಮೆಕಾರ್ಟ್ನಿಯ ಕುಟುಂಬವು 1955ರಲ್ಲಿ ಅಲ್ಲಿಗೆ ಬಂದಿತು. 1995ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ಅದನ್ನು ಕಾಪಾಡಿಕೊಂಡು ಬಂದಿದೆ. ತಂದೆಯು ಕೊಟ್ಟ ಟ್ರಂಪೆಟ್ಟನ್ನು ಊದುತ್ತ ಹಾಡಲಾಗದೆಂದು ಬಾಲಕನು ಅದನ್ನು ಗಿಟಾರಿಗೆ ವಿನಿಮಯ ಮಾಡಿಕೊಂಡನು. ಅವನೂ ಎಡಚನೇ! ವಾದ್ಯವು ಕೈಗೆ ಒಗ್ಗಲಿಲ್ಲ. ಎಡಗೈಯಿಂದ ನುಡಿಸುವ ವಾದಕನೊಬ್ಬನ ಚಿತ್ರವನ್ನು ಕಂಡ ಮೇಲೆ ತಂತಿಗಳನ್ನೆಲ್ಲ ಬಿಚ್ಚಿ ಹಿಂದುಮುಂದಾಗಿ ಕಟ್ಟಿಕೊಂಡನು.

ಅಲ್ಲಿಂದ ವೂಲ್ಟನ್ನಿನ ಸಂತ ಪೀಟರರ ಇಗರ್ಜಿಗೆ ಹೋದೆವು. 1957ನೆಯ ಜುಲೈ 6ರಂದು, ಇಗರ್ಜಿಯ ಉತ್ಸವದ ದಿನ, 15 ವರ್ಷದ ಪಾಲನು ಇದೇ ಹಾಡನ್ನು ಜಾನ್ ಲೆನನ್ನನ ಮುಂದೆ ನುಡಿಸಿ ಹಾಡಿದನು. ತಾಯಿಯು ಕಲಿಸಿದ ಬ್ಯಾಂಜೋ ವಾದ್ಯದ ಕ್ರಮದಲ್ಲಿಯೇ ಗಿಟಾರನ್ನು ನುಡಿಸುತ್ತಿದ್ದ ಜಾನನಿಗೆ, ಶ್ರುತಿ ಮಾಡಬಲ್ಲ, ಹಾಡಿನ ಮಾತೆಲ್ಲ ಕಂಠಸ್ಥವಾಗಿದ್ದ ಈ ಹುಡುಗನು ಮೆಚ್ಚುಗೆಯಾದನು. ಕೆಲವು ದಿನಗಳಲ್ಲಿಯೇ ತನ್ನ ಮೇಳಕ್ಕೆ ಕರೆಸಿಕೊಂಡನು. ಮುಂದೆ ಬೀಟಲ್ಸ್ ಎಂದು ಹೆಸರಾದುದು ಆ ಮೇಳವೇ.

ಇದನ್ನು ಕೇಳುತ್ತಿದ್ದಂತೆ ನನ್ನ ದೃಷ್ಟಿಯು ಮಗನ ಎಡಗೈಯ ಮೇಲೆ ಬಿದ್ದಿತು. ಐದು ವರ್ಷದವನಾಗಿದ್ದಾಗ ಬಳಪವನ್ನು ಎಡಗೈಯಲ್ಲಿ ಹಿಡಿದನೆಂದು ಆ ಗೆಣ್ಣುಗಳಿಗೆ ಬೆತ್ತದಿಂದ ಹೊಡೆದವನು ನಾನೇ. ‘ಸವ್ಯಸಾಚಿ’ಯೆಂದರೆ ಎಡಗೈಯಿಂದಲೂ ಬಾಣವೆಸೆಯಬಲ್ಲ ಅರ್ಜುನನೆಂದು ತರಗತಿಯಲ್ಲಿ ಕೊಂಡಾಡುತ್ತಿದ್ದವನೂ ನಾನೇ!

“ಆ ಬೆತ್ತವು ನೆನಪಿದೆಯೇನಪ್ಪ?” ಎಂದು ಕೇಳಿದೆನು.

“ಇದೆ, ಅಪ್ಪ. ಇವನಿಗೆ ಅದು ಬೇಡ” ಎಂದನು.

ಆ ಸಂಜೆ ಗಿಟಾರಿನ ಆರು ತಂತಿಗಳನ್ನೂ ಬಿಚ್ಚಿದೆವು. ಮಗನು ತಂತಿಗಳನ್ನು ಸ್ಥಳ ಬದಲಿಸಿ ಕಟ್ಟಿದನು. ನಾನು ಬಿರಡೆಗಳನ್ನು ತಿರುಗಿಸಿದೆನು. ಮೊಮ್ಮಗನು ಎಡಗೈಯಿಂದ ಮೀಟಿದನು. ಹಾಡು ಇನ್ನೂ ಮುಗ್ಗರಿಸುತ್ತಲೇ ಇದ್ದಿತು; ಆದರೆ ಮರುದಿನದಿಂದ ಅಭ್ಯಾಸಕ್ಕೆ ಅವನನ್ನು ಕರೆಯಬೇಕಾಗಲಿಲ್ಲ.

ಮನೆಯಲ್ಲಿ ಎಡಚ ಮಗುವುಳ್ಳ ವಾಚಕರು ಈ ಮುದುಕನ ತಪ್ಪನ್ನು ಮಾಡದಿರಲಿ.